ಈಗ ಪರವಾಗಿಲ್ಲ ಅಲ್ವಾ?

ಇಪ್ಪತ್ತೆರಡು ವರ್ಷದಿಂದ ನಾನು ಬೈಸಿಕೊಂಡು ಸಂಬಳ ತೆಗೆದುಕೊಳ್ಳುತ್ತಿದ್ದೇನೆ. ನೀರು ಸರಬರಾಜು ಕಚೇರಿಯ ದೂರು ವಿಭಾಗ ಎಂದರೆ ಒಂದು ಮೇಜು, ಒಂದು ಫೋನು, ಒಂದು ರಿಜಿಸ್ಟರು ಮತ್ತು ನಾನು. ಬೆಳಿಗ್ಗೆ ಹತ್ತಕ್ಕೆ ಫೋನು ಎತ್ತಿದರೆ ಸಂಜೆ ಐದಕ್ಕೆ ಕೆಳಗಿಡುತ್ತೇನೆ. ಅಷ್ಟರಲ್ಲಿ ನನ್ನ ವಂಶದ ಹಿಂದಿನ ಮೂರು ತಲೆಮಾರಿನ ಬಗ್ಗೆ ನನಗೇ ಗೊತ್ತಿಲ್ಲದ ಅನೇಕ ಸಂಗತಿಗಳನ್ನು ಊರಿನವರು ನನಗೆ ತಿಳಿಸಿರುತ್ತಾರೆ. ನಮ್ಮ ಬೀದಿಯಲ್ಲಿ ನನ್ನ ಹೆಸರು ಯಾರಿಗೂ ನೆನಪಿಲ್ಲ. ಎದುರಿಗೆ ಕಂಪ್ಲೇಂಟ್ ಸಾಹೇಬರು ಎನ್ನುತ್ತಾರೆ, ಬೆನ್ನ ಹಿಂದೆ ಬರೀ ಕಂಪ್ಲೇಂಟು.

ಇಂಥ ಕೆಲಸದಲ್ಲಿ ತಲೆ ಕೆಡದೆ ಉಳಿಯಬೇಕಾದರೆ ಒಂದು ಕ್ರಮ ಬೇಕು. ನನ್ನ ಕುರ್ಚಿಯ ಹಿಂದಿನ ಗೋಡೆಗೆ ನಾಲ್ಕು ಮೊಳೆ ಹೊಡೆದಿದ್ದೇನೆ. ಒಂದೊಂದರ ಮೇಲೂ ಬರೆದಿದೆ: ಈಗಲೇ, ಇವತ್ತೇ, ಈ ವಾರ, ನೋಡೋಣ. ಬಂದ ದೂರನ್ನು ಚೀಟಿಯಲ್ಲಿ ತಾರೀಖು, ಗಂಟೆ ಸಮೇತ ಬರೆದು ತಕ್ಕ ಮೊಳೆಗೆ ಚುಚ್ಚುತ್ತೇನೆ. ಯಾವುದು ಯಾವ ಮೊಳೆಗೆ ಎಂದು ತೀರ್ಮಾನಿಸುವುದು ಸುಲಭ. ಫೋನನ್ನು ಕಿವಿಯಿಂದ ಒಂದು ಮೊಳ ದೂರ ಹಿಡಿದರೂ ಕೇಳಿಸಿದರೆ ಅದು ಈಗಲೇ. ಗೇಣು ದೂರದಲ್ಲಿ ಕೇಳಿಸಿದರೆ ಇವತ್ತೇ. ಕಿವಿಗೆ ಒತ್ತಿಕೊಳ್ಳಬೇಕಾದರೆ ಈ ವಾರ. ಒತ್ತಿಕೊಂಡ ಮೇಲೂ ಏನಂದಿರಿ ಎಂದು ಎರಡು ಸಲ ಕೇಳಬೇಕಾದರೆ, ನೋಡೋಣ. ಒಮ್ಮೆ ಒಬ್ಬ ಹೆಂಗಸು ತುಂಬ ಮೆಲ್ಲಗೆ, ಮನೆಯ ಗೋಡೆ ಸ್ವಲ್ಪ ಒದ್ದೆಯಾಗಿದೆ, ಬಿಡುವಾದಾಗ ಯಾರನ್ನಾದರೂ ಕಳಿಸಿ ಎಂದರು. ನೋಡೋಣ ಮೊಳೆಗೆ ಹಾಕಿದೆ. ಎರಡು ತಿಂಗಳಾದ ಮೇಲೆ ಅವರೇ ಮತ್ತೆ ಫೋನು ಮಾಡಿ, ಗೋಡೆ ಬಿದ್ದುಹೋಯಿತು, ಈಗ ಅವಸರವೇನಿಲ್ಲ ಎಂದರು. ಅಂಥ ಸುಸಂಸ್ಕೃತ ಜನ ಈಗ ಅಪರೂಪ.

ದೂರು ಬರೆಯುವುದಕ್ಕಿಂತ ಮುಚ್ಚುವುದು ಕಷ್ಟದ ಕೆಲಸ. ದೂರು ಕೊಟ್ಟವರ ಬಾಯಿಂದಲೇ ಸರಿಹೋಯಿತು ಎಂಬ ಮಾತು ಬರಬೇಕು, ಆಗ ಮಾತ್ರ ಚೀಟಿ ಕೀಳಬಹುದು ಎಂಬುದು ನಮ್ಮ ಕಚೇರಿಯ ನಿಯಮ. ಇದರಲ್ಲಿ ನನ್ನ ಕೈ ಪಳಗಿದೆ. ನಾನು ಫೋನು ಮಾಡಿ, ನೀರು ಬಂತಾ ಎಂದು ಕೇಳುವುದಿಲ್ಲ. ಹಾಗೆ ಕೇಳಿದರೆ ಇಲ್ಲ ಎನ್ನುತ್ತಾರೆ. ಈಗ ಪರವಾಗಿಲ್ಲ ಅಲ್ವಾ ಎಂದು ಕೇಳುತ್ತೇನೆ. ನೂರಕ್ಕೆ ತೊಂಬತ್ತು ಜನ, ಏನೋ, ಪರವಾಗಿಲ್ಲ ಎನ್ನುತ್ತಾರೆ. ಗುಣವಾಯಿತು ಎನ್ನುವುದಕ್ಕೂ, ತಡೆದುಕೊಂಡಿದ್ದೇನೆ ಎನ್ನುವುದಕ್ಕೂ, ನಿಮಗೆ ಹೇಳಿ ಏನು ಪ್ರಯೋಜನ ಎನ್ನುವುದಕ್ಕೂ ನಮ್ಮ ಜನ ಈ ಒಂದೇ ಮಾತನ್ನು ಇಟ್ಟುಕೊಂಡಿದ್ದಾರೆ. ಮೂರರಲ್ಲಿ ಯಾವುದು ಎಂದು ವಿಚಾರಿಸಲು ರಿಜಿಸ್ಟರಿನಲ್ಲಿ ಜಾಗವಿಲ್ಲ. ನಾನು ಚೀಟಿ ಕಿತ್ತುಬಿಡುತ್ತೇನೆ.

ಈ ವಿದ್ಯೆ ಕಚೇರಿಯಲ್ಲೇ ಇದ್ದಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಅದು ಮನೆಗೆ ಬಂದದ್ದು ನಮ್ಮ ಬೀದಿ ಕೊನೆಯ ಕ್ಲಿನಿಕ್ಕಿನ ಡಾಕ್ಟರಿಂದ.

ನನ್ನ ಅಮ್ಮನಿಗೆ ಎಪ್ಪತ್ತನಾಲ್ಕು. ಕಣ್ಣು, ಕಿವಿ, ಹಲ್ಲು, ನಾಲಿಗೆ ಎಲ್ಲವೂ ಗಟ್ಟಿ, ಅದರಲ್ಲೂ ಕೊನೆಯದು. ಆದರೆ ಆಕೆಗೆ ಡಾಕ್ಟರನ್ನು ನೋಡದಿದ್ದರೆ ಸಮಾಧಾನವಿಲ್ಲ. ಆ ವಾರ ಸೀನಿದ್ದಕ್ಕೆ ಒಂದು ಸಲ, ಸೀನು ಬರುವಂತಾಗಿ ಬರದೆ ಹೋದದ್ದಕ್ಕೆ ಇನ್ನೊಂದು ಸಲ, ಮೊಣಕೈಯಲ್ಲಿ ಏನೋ ಓಡಾಡಿದ ಹಾಗಾಯಿತು ಎಂದು ಮತ್ತೊಂದು ಸಲ ನಾವು ಕ್ಲಿನಿಕ್ಕಿಗೆ ಹೋಗಿದ್ದೆವು. ನಾಲ್ಕನೆಯ ಸಲ ಹೋದಾಗ ಡಾಕ್ಟರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಹೊರಗೆ ಬೆಂಚಿನ ಮೇಲೆ ಮೂವತ್ತು ಜನ ಕೂತಿದ್ದರು.

"ಆಫೀಸಲ್ಲಿ ಇಂಥವನ್ನೆಲ್ಲ ವಿಂಗಡಿಸಿ ಅಭ್ಯಾಸ ಇದೆಯಲ್ಲ ನಿಮಗೆ," ಎಂದರು. "ಮನೇಲೂ ಸ್ವಲ್ಪ ವಿಂಗಡಿಸಿ ಕರ್ಕೊಂಡು ಬನ್ನಿ."

ಸುಸ್ತಾದ ಮನುಷ್ಯ ಬಾಯಿಗೆ ಬಂದದ್ದನ್ನು ಹೇಳಿದರು. ನಾನು ಅದನ್ನು ನೇಮಕಾತಿ ಆದೇಶ ಎಂದುಕೊಂಡೆ. ಎಂಬಿಬಿಎಸ್ ಓದಿದವರೊಬ್ಬರು, ಮೂವತ್ತು ಜನರ ಸಾಕ್ಷಿಯಾಗಿ, ನಮ್ಮ ಮನೆಯ ಮಟ್ಟಿಗಾದರೂ ವೈದ್ಯಕೀಯ ಅಧಿಕಾರವನ್ನು ನನಗೆ ವಹಿಸಿಕೊಟ್ಟಿದ್ದರು. ಮನೆಗೆ ಬರುವಾಗ ನನ್ನ ನಡಿಗೆಯೇ ಬದಲಾಗಿತ್ತೆಂದು ಆಮೇಲೆ ಹೆಂಡತಿ ಹೇಳಿದಳು.

ಅಡುಗೆಮನೆಯ ಬಾಗಿಲ ಪಕ್ಕದ ಗೋಡೆಗೆ ನಾಲ್ಕು ಮೊಳೆ ಹೊಡೆದೆ. ಅದೇ ನಾಲ್ಕು ಹೆಸರು ಬರೆದೆ. ಇನ್ನು ಮೇಲೆ ಈ ಮನೆಯಲ್ಲಿ ಯಾರಿಗೆ ಏನೇ ಕಾಯಿಲೆಯಾದರೂ ಚೀಟಿ ಮೂಲಕ ಬರಬೇಕು, ಕ್ಲಿನಿಕ್ಕಿಗೆ ಹೋಗಬೇಕೋ ಬೇಡವೋ ಎಂಬುದನ್ನು ನಾನು ತೀರ್ಮಾನಿಸುತ್ತೇನೆ ಎಂದು ಸಾರಿದೆ. ಹೆಂಡತಿ ಪಾತ್ರೆ ತೊಳೆಯುತ್ತಿದ್ದಳು. ಗೋಡೆಯ ಸುಣ್ಣ ಬೇಯುತ್ತಿರುವ ಅನ್ನಕ್ಕೆ ಉದುರಿತು ಎಂದಷ್ಟೇ ಹೇಳಿದಳು.

ಅಮ್ಮ ಮೊದಲು ಮುನಿಸಿಕೊಂಡರೂ ಎರಡೇ ದಿನದಲ್ಲಿ ಈ ಪದ್ಧತಿಯ ಒಳಗುಟ್ಟನ್ನು ಹಿಡಿದುಬಿಟ್ಟಳು. ತಲೆಸುತ್ತು ಎಂದು ಬರೆದರೆ ಈ ವಾರಕ್ಕೆ ಹೋಗುತ್ತದೆ, ಭಯಂಕರ ತಲೆಸುತ್ತು ಎಂದರೆ ಇವತ್ತಿಗೆ, ಭಯಂಕರ ತಲೆಸುತ್ತು, ನಾನಿನ್ನು ಉಳಿಯೋದಿಲ್ಲ ಎಂದು ಬರೆದು ಜೊತೆಗೆ ಒಂದು ಸಲ ಕಿರುಚಿದರೆ ಈಗಲೇ. ಹೀಗಾಗಿ ಈಗಲೇ ಎಂಬ ಮೊಳೆ ಪೂರ್ತಿ ಅಮ್ಮನ ಪಾಲಾಯಿತು. ಆಕೆಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದು ಕಡಿಮೆಯೇನೂ ಆಗಲಿಲ್ಲ. ಆದರೆ ಈಗ ಹೋಗುವುದಕ್ಕೆ ದಾಖಲೆ ಇತ್ತು.

ಸುದ್ದಿ ಹೊರಗೆ ಹೋಯಿತು. ನಮ್ಮದು ಮೂರನೇ ಮಹಡಿ, ಲಿಫ್ಟ್ ಇಲ್ಲ. ಎರಡನೇ ಮಹಡಿಯಲ್ಲಿ ನಿವೃತ್ತ ಡ್ರಿಲ್ ಮೇಷ್ಟ್ರು. ನಿವೃತ್ತರಾಗಿ ಒಂಬತ್ತು ವರ್ಷವಾದರೂ ಕೊರಳಲ್ಲಿ ಸೀಟಿ ಇನ್ನೂ ಇದೆ. ಅವರು ಬಿಕ್ಕಳಿಕೆ ನಿಲ್ಲುತ್ತಿಲ್ಲವೆಂದು ಹತ್ತಿ ಬಂದರು. ಚೀಟಿ ಬರೆದು ಮೊಳೆಗೆ ಚುಚ್ಚುವಷ್ಟರಲ್ಲಿ ಬಿಕ್ಕಳಿಕೆ ತಾನಾಗಿಯೇ ನಿಂತಿತು. ಸಂಜೆಯ ಹೊತ್ತಿಗೆ ಕಂಪ್ಲೇಂಟ್ ಸಾಹೇಬರು ಬರೀ ಚೀಟಿಯಲ್ಲೇ ಬಿಕ್ಕಳಿಕೆ ನಿಲ್ಲಿಸಿದರು ಎಂದು ಇಡೀ ಕಟ್ಟಡಕ್ಕೆ ಗೊತ್ತಾಗಿತ್ತು. ಮರುದಿನ ನೆಲಮಹಡಿಯ ಟೈಲರಣ್ಣ ಸೂಜಿ ಚುಚ್ಚಿದ ಬೆರಳನ್ನು ಹಿಡಿದುಕೊಂಡು ಬಂದ. ಅದು ನೋಡೋಣ. ನಾಲ್ಕು ದಿನಕ್ಕೆ ಬೆರಳು ವಾಸಿಯಾಯಿತು. ಅದನ್ನೂ ನನ್ನ ಖಾತೆಗೇ ಬರೆದರು.

ಬಂದವರಿಗೆಲ್ಲ ಟೀ ಮಾಡಿ ಕೊಡುತ್ತಿದ್ದವಳು ನನ್ನ ಹೆಂಡತಿ. ಕೆಳಗಿನ ಅಂಗಡಿಯಿಂದ ಹಾಲು ಸಕ್ಕರೆ ಹೊತ್ತುಕೊಂಡು ಮೂರು ಮಹಡಿ ಹತ್ತುತ್ತಿದ್ದವಳೂ ಅವಳೇ. ಎರಡನೇ ಮಹಡಿಯ ತಿರುವಿನಲ್ಲಿ ಗೋಡೆ ಹಿಡಿದು ನಿಂತುಬಿಡುತ್ತಾಳೆ ಎಂದು ಡ್ರಿಲ್ ಮೇಷ್ಟ್ರು ಒಂದೆರಡು ಸಲ ಹೇಳಿದ್ದರು. ಹೆಂಗಸರು ಮೆಟ್ಟಿಲಲ್ಲಿ ನಿಂತು ಮಾತಾಡುವುದು ಇದ್ದದ್ದೇ ಎಂದು ನಾನೆಂದೆ. ಯಾರ ಜೊತೆ ಮಾತಾಡುತ್ತಿದ್ದಳು ಎಂದು ಕೇಳಲಿಲ್ಲ.

ತಿಂಗಳ ಹದಿನಾಲ್ಕಕ್ಕೆ ಮೊಳೆಗಳ ಕೆಳಗೆ ಒಂದು ಚೀಟಿ ಇತ್ತು, ಅವಳ ಅಕ್ಷರದಲ್ಲಿ. "ಮೆಟ್ಟಿಲು ಹತ್ತಿದರೆ ಉಸಿರು ಸಿಗುವುದಿಲ್ಲ. ಕೂತರೆ ಪರವಾಗಿಲ್ಲ." ನಾನು ಅದನ್ನು ಎರಡು ಸಲ ಓದಿದೆ. ದೂರು ಕೊಟ್ಟವರೇ ಅದೇ ಚೀಟಿಯಲ್ಲಿ ಪರವಾಗಿಲ್ಲ ಎಂದು ಬರೆದರೆ ಅದನ್ನು ಸ್ವೀಕರಿಸುವುದು ಹೇಗೆ? ಇಪ್ಪತ್ತೆರಡು ವರ್ಷದಲ್ಲಿ ಇಂಥ ಅರ್ಜಿ ನಾನು ನೋಡಿರಲಿಲ್ಲ. ಆದರೂ ಮನೆಯವಳಲ್ಲವೇ ಎಂದು ಔದಾರ್ಯ ತೋರಿ, ತಾರೀಖು ಮತ್ತು ಬೆಳಿಗ್ಗೆ ಎಂಟು ಇಪ್ಪತ್ತು ಎಂದು ಸಮಯ ಹಾಕಿ ನೋಡೋಣ ಮೊಳೆಗೆ ಚುಚ್ಚಿದೆ.

ಹದಿನೆಂಟಕ್ಕೆ ನಾನು ಗಡ್ಡ ಹೆರೆಯುತ್ತಿದ್ದಾಗ ಬಂದು ದವಡೆ ನೋವು ಎಂದಳು, ನೋವು ಎಡಗೈವರೆಗೂ ಇಳಿಯುತ್ತದೆ ಎಂದಳು. ದವಡೆ ಎಂದರೆ ಹಲ್ಲು, ಹಲ್ಲು ಎಂದರೆ ಈ ವಾರ. ಕೈ ನೋವಿಗೆ ಬೇರೆ ಚೀಟಿ ಬರಿ, ಎರಡನ್ನೂ ಸೇರಿಸಬೇಡ ಎಂದು ಕನ್ನಡಿಯಲ್ಲೇ ಹೇಳಿದೆ. ಇಪ್ಪತ್ತೊಂದಕ್ಕೆ, ಸುಮ್ಮನೆ ಕೂತಿದ್ದರೂ ಬೆವರು, ಎದ್ದರೆ ಕಾಲಲ್ಲಿ ಶಕ್ತಿಯೇ ಇಲ್ಲ ಎಂದಳು. ಅಷ್ಟು ಹೊತ್ತಿಗೆ ಅಮ್ಮನ ಮೂರು ಭಯಂಕರಗಳು ಸರತಿಯಲ್ಲಿದ್ದವು. ನನಗೂ ಸಾಕಾಗಿತ್ತು. ಆಫೀಸಿನಲ್ಲಿ ಊರಿನ ದೂರು, ಮನೆಯಲ್ಲಿ ಕಟ್ಟಡದ ದೂರು, ಮನುಷ್ಯ ಎಷ್ಟು ಅಂತ ಕೇಳಿಸಿಕೊಳ್ಳುತ್ತಾನೆ?

"ಈಗ ಪರವಾಗಿಲ್ಲ ಅಲ್ವಾ?" ಎಂದೆ.

ಅವಳು ನನ್ನ ಮುಖ ನೋಡಿದಳು. "ಪರವಾಗಿಲ್ಲ," ಎಂದು ಒಳಗೆ ಹೋದಳು.

ನಾನು ಅವಳ ಚೀಟಿಗಳನ್ನು ಕಿತ್ತುಬಿಟ್ಟೆ.

ಅದಾಗಿ ಮೂರನೆಯ ದಿನ, ಭಾನುವಾರ. ಕಟ್ಟಡದ ದೂರುಗಳು ಹೆಚ್ಚಾಗಿ ನಾಲ್ಕು ಮೊಳೆ ಸಾಲದಾಗಿತ್ತು. ತಿಂಡಿಯಾದ ಮೇಲೆ ಸ್ಟೂಲಿನ ಮೇಲೆ ಹತ್ತಿ, ಎರಡು ಕೈಯನ್ನೂ ತಲೆಯ ಮೇಲಕ್ಕೆತ್ತಿ, ಎರಡನೆಯ ಸಾಲು ಹೊಡೆಯುತ್ತಿದ್ದೆ. ಏಳನೆಯ ಏಟಿಗೆ ಎಡ ಎದೆಯಲ್ಲಿ ಏನೋ ಛಳಕ್ ಎಂದಿತು. ಸುತ್ತಿಗೆ ಬಿತ್ತು. ಅದರ ಹಿಂದೆಯೇ ನಾನು ಸ್ಟೂಲಿನಿಂದ ಇಳಿದು ನೆಲದ ಮೇಲೆ ಮಲಗಿ ಗಟ್ಟಿಯಾಗಿ ಕೂಗಿದೆ. ನನ್ನ ಅಂದಾಜಿನಲ್ಲಿ ಅದು ಒಂದು ಮೊಳ ದೂರದ ಕೂಗು. ಮೂರು ಮಹಡಿ ಕೆಳಗಿನ ಟೈಲರಣ್ಣನಿಗೆ ಹೊಲಿಗೆ ಮಿಷನ್ನಿನ ಸದ್ದಿನ ಮೇಲೂ ಕೇಳಿಸಿತಂತೆ.

ಅಮ್ಮ ತನ್ನ ಮೂರೂ ಭಯಂಕರಗಳನ್ನು ಮರೆತು ಎದ್ದು ನಿಂತಳು. ನನ್ನ ಮಗನಿಗೆ ಹಾರ್ಟ್ ಅಟ್ಯಾಕು ಎಂದು ಬಾಲ್ಕನಿಗೆ ಹೋಗಿ ಬೀದಿಗೆ ತಿಳಿಸಿದಳು. ಡ್ರಿಲ್ ಮೇಷ್ಟ್ರು ಸೀಟಿ ಊದುತ್ತಲೇ ಮೇಲೆ ಬಂದರು. ಒಂಬತ್ತು ವರ್ಷದಿಂದ ಯಾರೂ ಅವರ ಮಾತಿಗೆ ಸಾಲಾಗಿ ನಿಂತಿರಲಿಲ್ಲ, ಇವತ್ತು ಎಲ್ಲರೂ ನಿಂತರು. ನನ್ನನ್ನು ಊಟದ ಕುರ್ಚಿಯಲ್ಲಿ ಕೂರಿಸಿ, ಟೈಲರಣ್ಣನ ಅಳತೆಪಟ್ಟಿಯಿಂದಲೇ ಕುರ್ಚಿಗೆ ಬಿಗಿದು, ಎಡ ಬಲ ಎಂದು ಹೆಜ್ಜೆ ಹಾಕಿಸುತ್ತ ಮೂರು ಮಹಡಿ ಇಳಿಸಿದರು. ಟೈಲರಣ್ಣ ದಾರಿಯುದ್ದಕ್ಕೂ ಕಣ್ಣೊರೆಸಿಕೊಳ್ಳುತ್ತ, ನಲವತ್ತು ಇಂಚಿನ ಎದೆ, ಇಂಥ ಎದೆಗೆ ಹೀಗಾಯ್ತಲ್ಲ ಎನ್ನುತ್ತಿದ್ದ.

ಹೆಂಡತಿಯೂ ಇಳಿದು ಬಂದಳು. ನನಗೆ ಕನ್ನಡಕ ಬೇಕಾಯಿತು, ಅದಕ್ಕಾಗಿ ಹತ್ತಿ ಹೋಗಿ ತಂದಳು. ಒಲೆ ಆರಿಸಿದೆಯಾ ಎಂದು ಅಮ್ಮ ಕೇಳಿದ್ದಕ್ಕೆ ಮತ್ತೆ ಹತ್ತಿ ಹೋದಳು. ಆಸ್ಪತ್ರೆಯಲ್ಲಿ ಹಳೆಯ ರಿಪೋರ್ಟು ಕೇಳುತ್ತಾರೆ ಎಂದು ಡ್ರಿಲ್ ಮೇಷ್ಟ್ರು ನೆನಪಿಸಿದರು, ಅದಕ್ಕೆ ಮೂರನೆಯ ಸಲ. ಆ ಸಲ ಇಳಿದು ಬರುವುದು ತಡವಾಯಿತು. ನಾನು ಕುರ್ಚಿಯಲ್ಲಿ ಕೂತಲ್ಲಿಂದಲೇ, ಇಲ್ಲಿ ಜೀವ ಹೋಗ್ತಿದೆ, ಅಲ್ಲಿ ಏನು ಮಾಡ್ತಿದ್ದಾಳೆ ಎಂದು ಕೂಗಿದೆ. ಬಾಗಿಲಲ್ಲಿ ಬಂದು ನಿಂತಾಗ ಅವಳ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಎಲ್ಲರೂ ಪಾಪ, ಗಂಡನ ಚಿಂತೆ ಎಂದರು. ನಾನೂ ಹಾಗೆಂದುಕೊಂಡು ಸ್ವಲ್ಪ ಸಂತೋಷಪಟ್ಟೆ.

ತುರ್ತು ಚಿಕಿತ್ಸೆಯ ಬಾಗಿಲಲ್ಲಿ ಒಂದು ಸಣ್ಣ ಮೇಜು, ಅದರ ಹಿಂದೆ ವಯಸ್ಸಾದ ಒಬ್ಬ ನರ್ಸು. ಬಂದವರನ್ನು ನೋಡಿ ಯಾರು ಮೊದಲು ಒಳಗೆ, ಯಾರು ಕಾಯಬೇಕು ಎಂದು ಹೇಳುವುದು ಅವರ ಕೆಲಸ. ನನ್ನಷ್ಟೇ ಸುಸ್ತಾದ ಮುಖ. ವೃತ್ತಿಬಾಂಧವರು ಎಂದು ನನಗೆ ಒಂದು ಆತ್ಮೀಯತೆ ಹುಟ್ಟಿತು. ನನ್ನನ್ನು ಸ್ಟ್ರೆಚರಿಗೆ ಹಾಕಿದ್ದರು. ನಾನು ಕೂಗುತ್ತಿದ್ದೆ, ಅಮ್ಮ ನನಗಿಂತ ಜೋರಾಗಿ ಕೂಗುತ್ತಿದ್ದಳು, ಮೇಷ್ಟ್ರು ದಾರಿ ಬಿಡಿಸಲು ಸೀಟಿ ಊದುತ್ತಿದ್ದರು. ನರ್ಸು ಎದ್ದು ಬಂದು ಮೊದಲು ಸೀಟಿಯನ್ನು ಕಿತ್ತು ತಮ್ಮ ಜೇಬಿಗೆ ಹಾಕಿಕೊಂಡರು.

ಆಮೇಲೆ ನನ್ನ ಎದೆಯ ಮೇಲೆ ಎರಡು ಬೆರಳಿಟ್ಟು ಒತ್ತಿದರು. ನಾನು ಕಿರುಚಿದೆ. ಎಡಗೈ ಎತ್ತಿ ಎಂದರು. ಎತ್ತಿ ಮತ್ತೆ ಕಿರುಚಿದೆ. ಬೆಳಿಗ್ಗೆ ಏನು ಮಾಡ್ತಿದ್ರಿ ಎಂದು ಕೇಳಿದರು. ಮೊಳೆ ಹೊಡೆಯುತ್ತಿದ್ದೆ ಎಂದೆ. ಯಾವುದಕ್ಕೆ ಎಂದರು. ಕಾಯಿಲೆ ತೂಗುಹಾಕುವುದಕ್ಕೆ ಎಂದೆ. ಅವರು ನನ್ನ ಕಣ್ಣಿಗೆ ಟಾರ್ಚು ಬಿಟ್ಟು ನೋಡಿದರು, ಇನ್ನೊಂದು ರೀತಿಯ ಅನುಮಾನ ಬಂದಿರಬೇಕು. ಅಷ್ಟರಲ್ಲಿ ಅವರ ನೋಟ ನನ್ನ ತಲೆಯ ಹಿಂದಕ್ಕೆ ಹೋಯಿತು, ಅಲ್ಲೇ ನಿಂತಿತು.

ಹಿಂದೆ ಗೋಡೆಗೆ ಒರಗಿ ನನ್ನ ಹೆಂಡತಿ ನಿಂತಿದ್ದಳು. ಒಂದು ಕೈಯಲ್ಲಿ ನನ್ನ ಚೀಲ, ಇನ್ನೊಂದು ಕೈ ದವಡೆಯ ಮೇಲೆ. ಹಣೆಯಿಂದ ನೀರು ಸುರಿಯುತ್ತಿತ್ತು.

"ಅವರು ಯಾರು?"

"ನನ್ನ ಹೆಂಡತಿ," ಎಂದೆ. "ಅವಳಿಗೇನಿಲ್ಲ ಸಿಸ್ಟರ್, ಪರವಾಗಿಲ್ಲ."

"ನಾನು ನಿಮ್ಮನ್ನ ಕೇಳ್ಲಿಲ್ಲ."

ಅವರು ಹೋಗಿ ಹೆಂಡತಿಯ ಮಣಿಕಟ್ಟು ಹಿಡಿದರು. ಏನೋ ಮೆಲ್ಲಗೆ ಕೇಳಿದರು, ಅವಳು ಅದಕ್ಕಿಂತ ಮೆಲ್ಲಗೆ ಏನೋ ಹೇಳಿದಳು. ಏನಂದಿರಿ ಎಂದು ಎರಡನೆಯ ಸಲ ಕೇಳುವ ಬದಲು ನರ್ಸು ಅವಳ ಬಾಯಿಯ ಹತ್ತಿರ ಕಿವಿ ತಂದರು. ಆಮೇಲೆ ತಿರುಗಿ ನನ್ನ ಹತ್ತಿರ ಬಂದು, ಏಳಿ, ಆ ಸ್ಟ್ರೆಚರ್ ಬೇಕು ಎಂದರು.

ನನಗೆ ಅರ್ಥವಾಗಲಿಲ್ಲ. ಮೊದಲು ಬಂದವನು ನಾನು, ಎದೆನೋವು ನನ್ನದು, ಇಷ್ಟು ಜನ ನೋಡಿದ್ದಾರೆ ಎಂದು ಮಲಗಿದ್ದಲ್ಲಿಂದಲೇ ವಾದಿಸಿದೆ. ನನ್ನ ಮಗ ಸಾಯ್ತಿದ್ದಾನೆ ಕಣಮ್ಮಾ ಎಂದು ಅಮ್ಮ ಅಡ್ಡ ನಿಂತಳು.

"ಕೂಗೋಕೆ ಉಸಿರಿರೋರನ್ನ ಆಮೇಲೆ ನೋಡ್ತೀನಿ," ಎಂದರು ನರ್ಸು. "ನಿಮ್ಮದು ಸ್ನಾಯು ಉಳುಕಿರೋದು. ಏಳ್ರೀ."

ಎದ್ದೆ. ಏಳುವುದಕ್ಕೆ ಆಯಿತು. ಅದೇ ಸ್ಟ್ರೆಚರಿನ ಮೇಲೆ, ನಾನು ಬಿಸಿ ಮಾಡಿಟ್ಟಿದ್ದ ಜಾಗದಲ್ಲಿ, ಅವಳನ್ನು ಮಲಗಿಸಿದರು. ಮಲಗುವ ಮೊದಲು ಅವಳು ಚೀಲವನ್ನು ನನ್ನ ಕೈಗೆ ಕೊಟ್ಟು, ಕನ್ನಡಕ ಒಳಜೇಬಿನಲ್ಲಿದೆ ಎಂದಳು. ಬಾಗಿಲು ಮುಚ್ಚಿಕೊಂಡಿತು.

ಹೊರಗಿನ ಬೆಂಚಿನಲ್ಲಿ ನಾವು ನಾಲ್ಕು ಜನ ಕೂತೆವು. ಮೇಷ್ಟ್ರಿಗೆ ಸೀಟಿಯಿಲ್ಲದೆ ಕೈ ಎಲ್ಲಿಡಬೇಕೆಂದು ತಿಳಿಯುತ್ತಿರಲಿಲ್ಲ. ಅಮ್ಮ ಆ ಎರಡು ಗಂಟೆಯಲ್ಲಿ ಒಂದು ಸಲವೂ ತನ್ನ ಮೈಯ ಬಗ್ಗೆ ಮಾತಾಡಲಿಲ್ಲ. ಒಬ್ಬರು ಬಂದು ಒಂದು ಫಾರಂ ಕೊಟ್ಟರು. ರೋಗಿಯ ವಯಸ್ಸು ಎಂದಿತ್ತು. ನಲವತ್ತೇಳೋ ನಲವತ್ತೆಂಟೋ. ತೆಗೆದುಕೊಳ್ಳುತ್ತಿರುವ ಮಾತ್ರೆ ಎಂದಿತ್ತು. ಅವಳು ಮಾತ್ರೆ ತೆಗೆದುಕೊಳ್ಳುತ್ತಾಳಾ ಎಂದು ಅಮ್ಮನನ್ನು ಕೇಳಿದೆ. ನನ್ನ ಮಾತ್ರೆ ಅವಳೇ ಕೊಡೋದು, ಅವಳದ್ದು ನನಗೇನು ಗೊತ್ತು ಎಂದಳು ಅಮ್ಮ. ಈ ಊರಿನಲ್ಲಿ ಯಾವ ಬೀದಿಯ ಕೆಳಗೆ ಯಾವ ವಾಲ್ವು ಇದೆ ಎಂದು ನಿದ್ದೆಗಣ್ಣಲ್ಲೂ ಹೇಳಬಲ್ಲೆ. ಆ ಫಾರಮ್ಮಿನಲ್ಲಿ ನಮ್ಮಿಬ್ಬರ ಹೆಸರು ಮತ್ತು ಮನೆ ವಿಳಾಸ ಬಿಟ್ಟು ಏನನ್ನೂ ಖಚಿತವಾಗಿ ಬರೆಯಲಾಗಲಿಲ್ಲ. ನನಗೆ ಹೆದರಿಕೆಯಾಯಿತು. ಅವಳು ಹೊರಗೆ ಬರದಿದ್ದರೆ ಎಂದು ಮುಚ್ಚಿದ ಬಾಗಿಲನ್ನೇ ನೋಡುತ್ತ ಕೂತೆ, ಎದೆಯ ನೋವು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಮಧ್ಯಾಹ್ನ ಡಾಕ್ಟರು ಬಂದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ನಿದ್ದೆಯಿಲ್ಲದೆ ಕಣ್ಣು ಕೆಂಪಾಗಿತ್ತು. ಹೃದಯದ ಒಂದು ರಕ್ತನಾಳ ಕಟ್ಟಿಕೊಂಡಿತ್ತು, ತೆರೆದಿದ್ದೇವೆ, ಜೀವಕ್ಕೆ ಸದ್ಯ ಅಪಾಯವಿಲ್ಲ ಎಂದರು. ಇವತ್ತು ಬೆಳಿಗ್ಗೆ ಇಲ್ಲಿಗೆ ಬರದೇ ಮನೆಯಲ್ಲೇ ಇದ್ದಿದ್ದರೆ ಸಂಜೆಯ ಹೊತ್ತಿಗೆ ಕಷ್ಟವಿತ್ತು ಎಂದರು. ಹೆಂಗಸರಿಗೆ ಎಷ್ಟೋ ಸಲ ಎದೆನೋವು ಜೋರಾಗಿ ಬರುವುದೇ ಇಲ್ಲ, ಹೀಗೆ ದವಡೆ, ಬೆನ್ನು, ಉಸಿರು, ಸುಸ್ತು ಎಂದು ಬರುತ್ತದೆ, ಮನೆಯವರಿಗೆ ಗೊತ್ತಾಗುವುದಿಲ್ಲ ಎಂದರು.

ಅವರು ಆ ಕಡೆ ಹೋದರೋ ಇಲ್ಲವೋ, ಡ್ರಿಲ್ ಮೇಷ್ಟ್ರು ಬೆಂಚಿನಿಂದ ಎದ್ದು ನನ್ನ ಎರಡೂ ಕೈ ಹಿಡಿದುಕೊಂಡರು.

"ಈಗ ಗೊತ್ತಾಯ್ತು ಸಾಹೇಬ್ರೇ ನಿಮ್ಮ ಉಪಾಯ," ಎಂದರು.

ಯಾವ ಉಪಾಯ ಎಂದು ನನಗೆ ಹೊಳೆಯಲಿಲ್ಲ. ಅವರೇ ವಿವರಿಸಿದರು. ನಿಮ್ಮ ಮನೆಯವರು ಡಾಕ್ಟರ ಹತ್ತಿರ ಬರುವ ಪೈಕಿಯಲ್ಲ. ನಿಮಗೆ ಅವರ ಕಾಯಿಲೆ ಮೊದಲೇ ಗೊತ್ತಾಗಿದೆ. ಕರೆದರೆ ಬರುವುದಿಲ್ಲವೆಂದು, ನಿಮಗೇ ಎದೆನೋವು ಎಂದು ನಾಟಕ ಮಾಡಿ ಆಸ್ಪತ್ರೆಗೆ ತಂದಿರಿ. ಮೂರು ಮಹಡಿ ಕುರ್ಚಿಯಲ್ಲಿ ಇಳಿದಿರಲ್ಲ, ಒಂದು ಕ್ಷಣವಾದರೂ ನಮಗೆ ಅನುಮಾನ ಬಂತೇ? ಟೈಲರಣ್ಣ ಬಾಯಿ ತೆರೆದುಕೊಂಡು ಕೇಳಿದ, ಆಮೇಲೆ ನನ್ನನ್ನು ತಬ್ಬಿಕೊಂಡ. ಉಳುಕಿದ ಸ್ನಾಯುವಿಗೆ ಪ್ರಾಣ ಹೋದ ಹಾಗಾಯಿತು, ಆದರೆ ಈ ಸಲ ಕೂಗಲಿಲ್ಲ. ಅಮ್ಮ, ನನ್ನ ಮಗ ಚಿಕ್ಕವನಿದ್ದಾಗಿನಿಂದ ಹೀಗೇ, ಒಳಗಿನದ್ದು ಹೊರಗೆ ಬಿಡೋದಿಲ್ಲ ಎಂದು ಪಕ್ಕದ ಬೆಂಚಿನವರಿಗೂ ತಿಳಿಸಿದಳು.

ನಾನು ಅಲ್ಲ ಎನ್ನಬೇಕಿತ್ತು. ಅಲ್ಲ ಎನ್ನಲು ಬಾಯಿಯನ್ನೂ ತೆರೆದೆ. ಅಷ್ಟರಲ್ಲಿ ಎದುರು ಬೆಂಚಿನ ಅಪರಿಚಿತರೊಬ್ಬರು ಎದ್ದು ಬಂದು, ಇಂಥ ಗಂಡಂದಿರು ಈ ಕಾಲದಲ್ಲಿ ಎಲ್ಲಿದ್ದಾರೆ ಎಂದು ಕೈಕುಲುಕಿದರು. ಇಪ್ಪತ್ತೆರಡು ವರ್ಷ ಬರೀ ಬೈಸಿಕೊಂಡ ಕಿವಿ. ನಾನು ನೆಲ ನೋಡುತ್ತ ಸುಮ್ಮನೆ ನಿಂತೆ. ಅದನ್ನು ವಿನಯ ಎಂದು ತಿಳಿದರು.

ಸೋಮವಾರದ ಹೊತ್ತಿಗೆ ಇದು ಬೀದಿಗೆಲ್ಲ ಮುಟ್ಟಿತ್ತು. ಕಚೇರಿಗೂ ಮುಟ್ಟಿ, ರಜೆ ಕೊಡದೆ ಸತಾಯಿಸುವ ನಮ್ಮ ಮೇಲಧಿಕಾರಿ ತಾವೇ ಫೋನು ಮಾಡಿ ಎಷ್ಟು ದಿನ ಬೇಕಾದರೂ ತಗೊಳ್ಳಿ ಎಂದರು. ಕ್ಲಿನಿಕ್ಕಿನ ಡಾಕ್ಟರು ನನ್ನನ್ನು ದಾರಿಯಲ್ಲಿ ನಿಲ್ಲಿಸಿ, ನಮಗೇ ಕೆಲವು ಸಲ ತಪ್ಪಿಹೋಗುತ್ತದೆ, ನೀವು ಹಿಡಿದಿರಿ ಎಂದರು. ಮನೆಗೆ ಹೋಗಿ ಒಲೆಯ ಮುಂದೆ ನಿಂತಾಗ ಟೀಪುಡಿ ಎಲ್ಲಿದೆ ಎಂದು ನನಗೂ ಅಮ್ಮನಿಗೂ ಗೊತ್ತಿರಲಿಲ್ಲ. ಇಬ್ಬರೂ ಬಿಸಿನೀರು ಕುಡಿದು ಆಸ್ಪತ್ರೆಗೆ ಹೊರಟೆವು.

ನೋಡಲು ಬಿಡುವುದು ನಾಲ್ಕರಿಂದ ಐದು. ಮೇಷ್ಟ್ರೂ ಟೈಲರಣ್ಣನೂ ಆಗಲೇ ಮಂಚದ ಕಾಲ ಬಳಿ ನಿಂತಿದ್ದರು. ಅವಳು ಎರಡು ದಿಂಬಿಗೆ ಒರಗಿ ಕೂತಿದ್ದಳು. ಮುಖಕ್ಕೆ ಸ್ವಲ್ಪ ಬಣ್ಣ ಬಂದಿತ್ತು. ನನ್ನ ಉಪಾಯದ ಕಥೆಯನ್ನು ಮೇಷ್ಟ್ರು ಆಗಲೇ ಪೂರ್ತಿ ಹೇಳಿ ಮುಗಿಸಿದ್ದರು ಎಂದು ಅವಳ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಅವಳು ನನ್ನನ್ನೇ ನೋಡುತ್ತಿದ್ದಳು.

ಆಗ ನಿನ್ನೆಯ ಆ ಚಿಕ್ಕ ವಯಸ್ಸಿನ ಡಾಕ್ಟರು ಬಂದು ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂತು, ಫೈಲು ತೆರೆದರು. ನಿನ್ನೆ ಅವಸರದಲ್ಲಿ ಕೇಳಲಾಗಿರಲಿಲ್ಲ, ಇದು ಯಾವಾಗಿನಿಂದ ಶುರುವಾಯಿತು ಎಂದು ಸರಿಯಾಗಿ ಗೊತ್ತಾಗಬೇಕು, ಮುಂದಿನ ಔಷಧಿಗೆ ಅದು ಮುಖ್ಯ ಎಂದರು.

"ಯಾರಿಗಾದ್ರೂ ಹೇಳಿದ್ರಾ ಅಮ್ಮ, ಹೀಗಾಗ್ತಿದೆ ಅಂತ?"

ಅವಳು ಮೇಷ್ಟ್ರನ್ನು ನೋಡಿದಳು, ಅತ್ತೆಯನ್ನು ನೋಡಿದಳು, ಕೊನೆಗೆ ಹೊದಿಕೆಯ ಅಂಚನ್ನು ನೋಡಿದಳು.

"ಇಲ್ಲ. ಯಾರಿಗೂ ಹೇಳಿರ್ಲಿಲ್ಲ. ನಂದೇ ತಪ್ಪು."

ಮೇಷ್ಟ್ರು ಹೆಮ್ಮೆಯಿಂದ ಡಾಕ್ಟರ ಕಡೆ ತಿರುಗಿದರು. ನೋಡಿ, ಅವರು ಹೇಳದೇ ಇದ್ದರೂ ನಮ್ಮ ಸಾಹೇಬರು ಕಂಡುಹಿಡಿದರು ಎಂದರು. ಡಾಕ್ಟರು ಹೌದಾ ಎಂಬಂತೆ ನನ್ನ ಮುಖ ನೋಡಿದರು. ಫೈಲಿನಲ್ಲಿ ಏನೋ ಬರೆಯಲು ಪೆನ್ನು ಊರಿದರು. ಅವಳು ಹೇಳಿಲ್ಲ ಎಂದು ಬರೆದುಬಿಡುತ್ತಾರೆ ಎಂದು ನನಗೆ ಗಾಬರಿಯಾಯಿತು.

"ಹೇಳಿದ್ಲು," ಎಂದೆ. "ನನಗೆ ಹೇಳಿದ್ಲು. ಹದಿನಾಲ್ಕನೇ ತಾರೀಖು ಬೆಳಿಗ್ಗೆ ಎಂಟು ಇಪ್ಪತ್ತಕ್ಕೆ, ಮೆಟ್ಟಿಲು ಹತ್ತಿದ್ರೆ ಉಸಿರು ಸಿಗಲ್ಲ ಅಂತ. ಹದಿನೆಂಟಕ್ಕೆ ದವಡೆ ನೋವು, ಎಡಗೈವರೆಗೂ. ಇಪ್ಪತ್ತೊಂದಕ್ಕೆ ಬೆವರು, ಸುಸ್ತು. ಮೂರು ಸಲ ಹೇಳಿದ್ಲು. ನಾನು ಕರ್ಕೊಂಡು ಬರ್ಲಿಲ್ಲ. ನಿನ್ನೆ ನನಗೆ ನೋವಾಗಿತ್ತು ಅಂತ ಬಂದಿದ್ದು. ನಾಟಕ ಏನೂ ಇಲ್ಲ."

ಮೇಷ್ಟ್ರ ಮುಖ ಹುಳ್ಳಗಾಯಿತು. ಟೈಲರಣ್ಣ ಕೊರಳಿನ ಅಳತೆಪಟ್ಟಿಯನ್ನು ತೆಗೆದು ಸುತ್ತಿ ಜೇಬಿಗೆ ಹಾಕಿಕೊಂಡ. ಅಮ್ಮ ಏನೋ ಹೇಳಲು ಹೋಗಿ, ಸೊಸೆಯ ಕಾಲ ಮೇಲಿನ ಹೊದಿಕೆಯನ್ನು ಸರಿಮಾಡಿದಳು. ಡಾಕ್ಟರಿಗೆ ಮಾತ್ರ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಇಂಥದ್ದನ್ನು ದಿನವೂ ಬರೆದುಕೊಳ್ಳುವವರ ಹಾಗೆ ತಾರೀಖುಗಳನ್ನು ಒಂದರ ಕೆಳಗೊಂದು ಬರೆದುಕೊಂಡರು. ಬರೆಯುತ್ತ, ಮೂರು ಸಲ ಅಲ್ವಾ ಎಂದು ಕೇಳಿದರು. ಹೌದು ಎಂದೆ.

"ಮೂರಲ್ಲ ರೀ," ಎಂದಳು ಹೆಂಡತಿ. "ನಾಲ್ಕು."

ನನಗೆ ನೆನಪಾಗಲಿಲ್ಲ. ಹದಿನಾಲ್ಕು, ಹದಿನೆಂಟು, ಇಪ್ಪತ್ತೊಂದು ಎಂದು ಮನಸ್ಸಿನಲ್ಲೇ ಮತ್ತೆ ಎಣಿಸಿದೆ.

"ಶನಿವಾರ ಮಧ್ಯಾಹ್ನ," ಎಂದಳು. "ನೀವು ಊಟ ಮಾಡ್ತಿದ್ರಿ. ನನಗ್ಯಾಕೋ ಹೆದರಿಕೆ ಆಗ್ತಿದೆ, ಡಾಕ್ಟ್ರ ಹತ್ರ ಹೋಗೋಣ್ವಾ ಅಂದೆ. ಹೂಂ ಅಂದ್ರಿ. ಇನ್ನೊಂದು ಸ್ವಲ್ಪ ಬಡಿಸು ಅಂದ್ರಿ."

ಡಾಕ್ಟರು ಮೂರು ಎಂದು ಬರೆದಿದ್ದನ್ನು ಹೊಡೆದುಹಾಕಿ ನಾಲ್ಕು ಎಂದು ಬರೆದರು.